ಕೇಳಬೇಡಿ, ಆರಿಸಲು ಕೊಡಿ: ಗ್ರಾಹಕರ ಒಲವನ್ನು ಅಳೆಯುವ ಬಗೆ

ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಅಂಗಡಿಯ ಮೇಜಿನ ಮೇಲೆ ಸಾಲಾಗಿ ಇಟ್ಟು, ಇವುಗಳಲ್ಲಿ ಯಾವುದು ಒಳ್ಳೆಯದು ಹೇಳಿ ಎಂದು ಬಂದವರನ್ನು ಕೇಳಲಾಯಿತು. ಎಡತುದಿಯ ಜೊತೆಯನ್ನು ಆರಿಸಿದವರಿಗಿಂತ ಬಲತುದಿಯದನ್ನು ಆರಿಸಿದವರು ಹತ್ತಿರಹತ್ತಿರ ನಾಲ್ಕು ಪಟ್ಟು. ನಿಜವಾಗಿ ನಾಲ್ಕೂ ಒಂದೇ ಬಗೆಯವು, ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಇಟ್ಟ ಜಾಗದಿಂದ ನಿಮ್ಮ ಆಯ್ಕೆ ಬದಲಾಗಿರಬಹುದೇ ಎಂದು ಕೇಳಿದರೆ ಬಹುತೇಕ ಎಲ್ಲರೂ ಇಲ್ಲವೇ ಇಲ್ಲ ಎಂದರು. ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ ಇದನ್ನು 1977ರಲ್ಲಿ ಪ್ರಕಟಿಸಿದರು. ಆ ಜನ ಸುಳ್ಳು ಹೇಳಲಿಲ್ಲ. ತಾವು ಏಕೆ ಆರಿಸಿದೆವು ಎಂಬುದು ಅವರಿಗೇ ಗೊತ್ತಿರಲಿಲ್ಲ. ಕೇಳಿದಾಗ ಒಂದು ಕಾರಣ ಹೊಳೆಯಿತು, ಅದನ್ನೇ ನಂಬಿ ಹೇಳಿದರು.

ಗ್ರಾಹಕ ಸಂಶೋಧನೆಗೆ ಇಳಿಯುವವರು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಇದು. "ನಿಮಗೆ ಯಾವುದು ಮುಖ್ಯ?" ಎಂದು ಕೇಳಿ 10ಕ್ಕೆ ಅಂಕ ಕೊಡಿಸಿದರೆ ಬೆಲೆಗೆ 9, ಗುಣಮಟ್ಟಕ್ಕೆ 9, ಬಾಳಿಕೆಗೆ 9, ಸೇವೆಗೆ 8 ಬರುತ್ತದೆ. ಎಲ್ಲವೂ ಮುಖ್ಯ ಎಂದು ಹೇಳಲು ಜನರಿಗೆ ಏನೂ ಖರ್ಚಾಗುವುದಿಲ್ಲ. ಖರ್ಚು ಬರುವುದು ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾದಾಗ. ಹಾಗೆ ಬಿಡಬೇಕಾದ ಸಂದರ್ಭವನ್ನೇ ಕಟ್ಟಿಕೊಟ್ಟು, ಜನ ಏನು ಬಿಡುತ್ತಾರೆ ಎಂದು ನೋಡುವುದೇ ಈ ಕೆಲಸದ ತಿರುಳು. ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ: ಬೆನ್ನಿಗೆ ಹಾಕಿಕೊಳ್ಳುವ ಬ್ಯಾಗು.

ಮೊದಲು ತೀರ್ಮಾನ, ಆಮೇಲೆ ಪ್ರಶ್ನೆ

ಪ್ರಶ್ನಾವಳಿ ತೆರೆಯುವ ಮುನ್ನ ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ. ಈ ಸಂಶೋಧನೆ ಮುಗಿದ ಮೇಲೆ ಯಾರು ಯಾವ ತೀರ್ಮಾನ ತೆಗೆದುಕೊಳ್ಳುತ್ತಾರೆ? ಯಾವ ಉತ್ತರ ಬಂದರೆ ಆ ತೀರ್ಮಾನ ಬದಲಾಗುತ್ತದೆ? "ಗ್ರಾಹಕರನ್ನು ಅರ್ಥ ಮಾಡಿಕೊಳ್ಳಬೇಕು" ಎಂಬುದು ತೀರ್ಮಾನವಲ್ಲ. "ಬ್ಯಾಗಿನ ಬಟ್ಟೆಯನ್ನೇ ನೀರು ಒಳಗೆ ಬಿಡದ ಬಟ್ಟೆ ಮಾಡಿ ಬೆಲೆ 15 ಪ್ರತಿಶತ ಏರಿಸುವುದೋ, ಅಥವಾ ಮಳೆಹೊದಿಕೆ ಕೊಟ್ಟು ಬೆಲೆ ಹಾಗೇ ಬಿಡುವುದೋ" ಎಂಬುದು ತೀರ್ಮಾನ. ಇಷ್ಟು ಖಚಿತವಾದರೆ ಯಾವ ಗುಣಗಳನ್ನು ಪರೀಕ್ಷೆಗೆ ಹಾಕಬೇಕು, ಯಾವುದನ್ನು ಕೈಬಿಡಬೇಕು ಎಂಬುದರಲ್ಲಿ ಅರ್ಧ ತಾನಾಗಿಯೇ ಬಗೆಹರಿಯುತ್ತದೆ.

ಜನ ಜರಡಿ ಹಿಡಿಯುವ ರೀತಿ

ಎದುರಿಗಿರುವ ಎಲ್ಲ ವಸ್ತುಗಳ ಎಲ್ಲ ಗುಣಗಳನ್ನು ತೂಗಿ, ಕೂಡಿ, ಕಳೆದು, ಅತಿ ಹೆಚ್ಚು ಮೊತ್ತ ಬಂದದ್ದನ್ನು ಜನ ಕೊಳ್ಳುವುದಿಲ್ಲ. ಅಷ್ಟು ಲೆಕ್ಕ ಹಾಕುವ ಸಮಯವೂ ತಾಳ್ಮೆಯೂ ಯಾರಿಗೂ ಇಲ್ಲವೆಂದು ಹರ್ಬರ್ಟ್ ಸೈಮನ್ 1950ರ ದಶಕದಲ್ಲೇ ವಾದಿಸಿದ್ದರು. ಸಾಕು ಎನಿಸುವಷ್ಟು ಚೆನ್ನಾಗಿರುವುದು ಸಿಕ್ಕರೆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ. 1972ರಲ್ಲಿ ಏಮಸ್ ಟ್ವರ್‌ಸ್ಕಿ ಇನ್ನೊಂದು ರೀತಿಯನ್ನು ವಿವರಿಸಿದರು: ಒಂದು ಗುಣವನ್ನು ಹಿಡಿದು ಅದಿಲ್ಲದ್ದನ್ನೆಲ್ಲ ತೆಗೆದುಹಾಕುವುದು, ಆಮೇಲೆ ಮುಂದಿನ ಗುಣ, ಹೀಗೆ ಒಂದೇ ಉಳಿಯುವವರೆಗೆ. ನಿಜವಾದ ಖರೀದಿಯಲ್ಲಿ ಸಾಮಾನ್ಯವಾಗಿ ಎರಡು ಹಂತ ಕಾಣುತ್ತದೆ. ಮೊದಲ ಹಂತದಲ್ಲಿ ಒರಟು ಜರಡಿ: ಇಷ್ಟಕ್ಕಿಂತ ದುಬಾರಿ ಬೇಡ, ಲ್ಯಾಪ್‌ಟಾಪ್ ಹಿಡಿಸದ್ದು ಬೇಡ. ಉಳಿದ ಮೂರು ನಾಲ್ಕರ ನಡುವೆ ಮಾತ್ರ ಕೊಡುಕೊಳ್ಳುವಿಕೆಯ ತೂಗಾಟ.

ಈ ಜರಡಿಯ ಕಣ್ಣು ಎಷ್ಟು ದೊಡ್ಡದು ಎಂದು ತಿಳಿಯದೆ ಸಮೀಕ್ಷೆ ಕಟ್ಟಿದರೆ, ಯಾರೂ ಕೈಯಲ್ಲೂ ಮುಟ್ಟದ ಬ್ಯಾಗುಗಳ ಬಗ್ಗೆ ನಿಖರವಾದ ಅಂಕಿಗಳು ಸಿಗುತ್ತವೆ. ಆದ್ದರಿಂದ ಮೊದಲು 10ರಿಂದ 15 ಜನರ ಜೊತೆ ಬಿಡಿಬಿಡಿಯಾಗಿ, ತಲಾ 40 ನಿಮಿಷ ಮಾತಾಡಿ. ಕಳೆದ ಮೂರು ತಿಂಗಳಲ್ಲಿ ಆ ವಸ್ತುವನ್ನು ಕೊಂಡವರೇ ಆಗಿರಲಿ. ಮುಂದೆ ಕೊಳ್ಳಬೇಕೆಂದಿರುವವರು ಊಹೆ ಹೇಳುತ್ತಾರೆ. "ಏಕೆ ಕೊಂಡಿರಿ?" ಎಂದು ಕೇಳಬೇಡಿ, ಕಾಲುಚೀಲದ ಕಥೆ ಮತ್ತೆ ನಡೆಯುತ್ತದೆ. ಹಳೆಯ ಬ್ಯಾಗು ಸಾಕೆನಿಸಿದ ದಿನ ಏನಾಗಿತ್ತು? ಮೊದಲು ಎಲ್ಲಿ ನೋಡಿದಿರಿ? ಆಮೇಲೆ? ಯಾವುದನ್ನು ಕೈಗೆತ್ತಿಕೊಂಡು ಮತ್ತೆ ಇಟ್ಟಿರಿ? ಬೆಲೆ ನೋಡಿದ್ದು ಯಾವಾಗ? ಕಾಲಕ್ರಮದಲ್ಲಿ ಹೀಗೆ ಕೇಳುತ್ತಾ ಹೋದರೆ ಕಾರಣಗಳ ಬದಲು ಘಟನೆಗಳು ಬರುತ್ತವೆ. ಅದರಲ್ಲೂ ಎತ್ತಿಕೊಂಡು ಮತ್ತೆ ಇಟ್ಟ ವಸ್ತುವಿನ ಮಾತು ಬಹಳ ಬೆಲೆಯುಳ್ಳದ್ದು. ಜರಡಿಯಲ್ಲಿ ಉಳಿದು ತೂಗಾಟದಲ್ಲಿ ಸೋತದ್ದು ಯಾವುದು ಎಂದು ಅದು ತೋರಿಸುತ್ತದೆ. ಅವರು ಬಳಸಿದ ಪದಗಳನ್ನೂ ಹಾಗೇ ಬರೆದುಕೊಳ್ಳಿ. ನೀವು "ಜಲನಿರೋಧಕ ಶ್ರೇಣಿ" ಎನ್ನುವುದನ್ನು ಅವರು "ನೀರು ಒಳಗೆ ಹೋಗಲ್ಲ" ಎನ್ನುತ್ತಾರೆ. ಸಮೀಕ್ಷೆಯ ಪರದೆಯ ಮೇಲೆ ಬರಬೇಕಾದ್ದು ಅವರ ಮಾತು.

ಯಾವ ಕೆಲಸಕ್ಕೆ ಯಾವ ಸಾಧನ

ಪಟ್ಟಿಯೊಂದನ್ನು ಮುಖ್ಯದಿಂದ ಅಮುಖ್ಯಕ್ಕೆ ಜೋಡಿಸಬೇಕಿದ್ದರೆ ಮ್ಯಾಕ್ಸ್‌ಡಿಫ್ ಸಾಕು. ಒಂದೊಂದು ಪರದೆಯಲ್ಲಿ ನಾಲ್ಕೋ ಐದೋ ಅಂಶಗಳನ್ನು ತೋರಿಸಿ, ಅತಿ ಮುಖ್ಯವಾದದ್ದು ಒಂದು, ಅತಿ ಅಮುಖ್ಯವಾದದ್ದು ಒಂದು ಆರಿಸಲು ಹೇಳುವುದು. ಪ್ರತಿ ಅಂಶವೂ ಒಬ್ಬೊಬ್ಬರಿಗೆ ಮೂರು ಸಲ ಕಾಣಬೇಕೆಂಬುದು ರೂಢಿಯ ಲೆಕ್ಕ: 20 ಅಂಶ, ಪರದೆಗೆ 5 ಎಂದಾದರೆ 20 × 3 ÷ 5, ಅಂದರೆ 12 ಪರದೆ. ಎಲ್ಲಕ್ಕೂ 9 ಅಂಕ ಕೊಡುವ ದಾರಿ ಇಲ್ಲಿ ಮುಚ್ಚಿರುತ್ತದೆ. ಒಂದು ಮಿತಿ ನೆನಪಿರಲಿ: ಇಲ್ಲಿ ಸಿಗುವುದು ಪಟ್ಟಿಯೊಳಗಿನ ಹೋಲಿಕೆ ಮಾತ್ರ. ಪಟ್ಟಿಯಲ್ಲಿರುವುದೆಲ್ಲ ಜನಕ್ಕೆ ಬೇಡದ್ದೇ ಆಗಿದ್ದರೂ ಯಾವುದೋ ಒಂದು ಮೇಲೆ ಬಂದೇ ಬರುತ್ತದೆ.

ಗುಣಗಳು ಒಂದರ ವಿರುದ್ಧ ಒಂದು ನಿಲ್ಲುವಾಗ, ಮುಖ್ಯವಾಗಿ ಬೆಲೆ ಸೇರಿದಾಗ, ಹಲವು ಗುಣ ಬೆರೆತ ವಸ್ತುಗಳನ್ನು ಅಕ್ಕಪಕ್ಕ ಇಟ್ಟು ಒಂದನ್ನು ಆರಿಸಲು ಹೇಳುವ ಆಯ್ಕೆ ಆಧಾರಿತ ಕಾನ್‌ಜಾಯಿಂಟ್ ಬೇಕು. ರುಚಿ, ವಾಸನೆ, ಮುಟ್ಟಿದ ಅನುಭವ ತೀರ್ಮಾನಿಸುವ ವಸ್ತುಗಳಿಗೆ ಪರದೆ ಸಾಲದು, ವಸ್ತುವನ್ನೇ ಕೈಗೆ ಕೊಡಬೇಕು. ಅದರ ಮಾತು ಕೊನೆಯ ಕಡೆಗೆ ಬರುತ್ತದೆ.

ಆಯ್ಕೆಯ ಪರದೆ ಕಟ್ಟುವುದು

ಬ್ಯಾಗಿಗೆ ಐದು ಗುಣ ಇಟ್ಟುಕೊಳ್ಳೋಣ. ತೂಕ: 600, 900, 1200 ಗ್ರಾಂ. ಹಿಡಿಸುವ ಅಳತೆ: 20, 25, 30 ಲೀಟರ್. ನೀರಿನ ರಕ್ಷಣೆ: ಇಲ್ಲ, ಮಳೆಹೊದಿಕೆ ಜೊತೆಗಿದೆ, ಬಟ್ಟೆಯೇ ನೀರು ಬಿಡುವುದಿಲ್ಲ. ವಾರಂಟಿ: 1, 2, 5 ವರ್ಷ. ಬೆಲೆ: ಈಗಿನದು 100 ಎಂದಿಟ್ಟುಕೊಂಡು 85, 100, 115, 130. ಇವನ್ನೆಲ್ಲ ಬೆರೆಸಿದರೆ 3 × 3 × 3 × 3 × 4, ಒಟ್ಟು 324 ಬ್ಯಾಗು ಸಾಧ್ಯ. ಅಷ್ಟನ್ನೂ ಯಾರಿಗೂ ತೋರಿಸಲಾಗದು, ತೋರಿಸಬೇಕಾಗಿಯೂ ಇಲ್ಲ. ಪ್ರತಿ ಮಟ್ಟವೂ (600 ಗ್ರಾಂ, 2 ವರ್ಷ ಎಂಬಂಥ ಒಂದೊಂದೂ ಒಂದು ಮಟ್ಟ) ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿ ಬರುವಂತೆ, ಯಾವ ಎರಡು ಗುಣಗಳೂ ಒಂದಕ್ಕೊಂದು ಅಂಟಿಕೊಂಡು ಬರದಂತೆ ಸಾಫ್ಟ್‌ವೇರ್ ಕೆಲವನ್ನು ಹೆಕ್ಕಿ ಕೊಡುತ್ತದೆ. ಹೆಕ್ಕಿದ್ದನ್ನು ಕಣ್ಣಿನಿಂದಲೂ ನೋಡಿ. ಹಗುರವಾದ ಬ್ಯಾಗೆಲ್ಲ ಯಾವಾಗಲೂ ದುಬಾರಿಯಾಗಿಯೇ ಬಂದಿದ್ದರೆ, ಜನ ಬಿಟ್ಟದ್ದು ತೂಕಕ್ಕೋ ಬೆಲೆಗೋ ಎಂದು ಯಾವ ಲೆಕ್ಕದಿಂದಲೂ ಬೇರ್ಪಡಿಸಲಾಗದು.

ಒಂದು ಪರದೆ ಹೀಗೆ ಕಾಣುತ್ತದೆ:

ಬ್ಯಾಗು 1: 900 ಗ್ರಾಂ, 25 ಲೀಟರ್, ಮಳೆಹೊದಿಕೆ ಜೊತೆಗಿದೆ, ವಾರಂಟಿ 2 ವರ್ಷ, ಬೆಲೆ 100
ಬ್ಯಾಗು 2: 600 ಗ್ರಾಂ, 20 ಲೀಟರ್, ಬಟ್ಟೆಯೇ ನೀರು ಬಿಡುವುದಿಲ್ಲ, ವಾರಂಟಿ 1 ವರ್ಷ, ಬೆಲೆ 130
ಬ್ಯಾಗು 3: 1200 ಗ್ರಾಂ, 30 ಲೀಟರ್, ನೀರಿನ ರಕ್ಷಣೆ ಇಲ್ಲ, ವಾರಂಟಿ 5 ವರ್ಷ, ಬೆಲೆ 85
ಇವುಗಳಲ್ಲಿ ಯಾವುದೂ ಬೇಡ

ಕೊನೆಯ ಸಾಲನ್ನು ಯಾವ ಕಾರಣಕ್ಕೂ ತೆಗೆಯಬೇಡಿ. ಅಂಗಡಿಗೆ ಬಂದವರಿಗೆ ಬರಿಗೈಯಲ್ಲಿ ಹೋಗುವ ಹಕ್ಕಿದೆ, ಸಮೀಕ್ಷೆಯಲ್ಲೂ ಇರಬೇಕು. ಆದರೆ ಇದಕ್ಕೊಂದು ಕಷ್ಟವೂ ಇದೆ. ಕೆಲವರು ತಲೆಕೆಡಿಸಿಕೊಳ್ಳದೆ "ಬೇಡ" ಒತ್ತುತ್ತಾ ಹೋಗುತ್ತಾರೆ, ಆಗ ಅವರ ಒಲವಿನ ಬಗ್ಗೆ ಏನೂ ಸಿಗುವುದಿಲ್ಲ. ಪ್ರಶ್ನೆಯನ್ನು ಎರಡಾಗಿ ಒಡೆದರೆ ಇದು ತಪ್ಪುತ್ತದೆ: ಮೊದಲು ಮೂರರಲ್ಲಿ ಒಂದನ್ನು ಆರಿಸಿ, ಆಮೇಲೆ ಇದನ್ನು ನಿಜಕ್ಕೂ ಕೊಳ್ಳುತ್ತೀರಾ, ಹೌದೋ ಇಲ್ಲವೋ. ಎರಡೂ ಮಾಹಿತಿ ಉಳಿಯುತ್ತದೆ.

ಮಟ್ಟಗಳನ್ನು ಆರಿಸುವಾಗ ಆಗುವ ತಪ್ಪುಗಳೇ ಇಡೀ ಕೆಲಸವನ್ನು ಹೆಚ್ಚಾಗಿ ಕೆಡಿಸುತ್ತವೆ, ಹೀಗಾಗಿ ಇಲ್ಲಿ ನಿಧಾನಿಸಿ. "ಒಳ್ಳೆಯ ವಾರಂಟಿ", "ಹೆಚ್ಚು ಹಗುರ" ಎಂಬ ಮಾತುಗಳು ಬೇಡ. ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ಗ್ರಾಂ ಎಂದರೆ ಗ್ರಾಂ, ವರ್ಷ ಎಂದರೆ ವರ್ಷ. ಬೆಲೆಯ ಹರವು ನೀವು ನಿಜವಾಗಿ ಯೋಚಿಸುತ್ತಿರುವುದಕ್ಕಿಂತ ತುಸು ಅಗಲವಾಗಿರಲಿ, ಏಕೆಂದರೆ ಪರೀಕ್ಷಿಸಿದ ಎರಡು ಬೆಲೆಗಳ ನಡುವೆ ಊಹಿಸುವುದು ಸುಲಭ, ಅವುಗಳ ಆಚೆಗೆ ಊಹಿಸುವುದು ಅಪಾಯ. ಒಂದು ಗುಣಕ್ಕೆ ಎರಡು ಮಟ್ಟ, ಇನ್ನೊಂದಕ್ಕೆ ಏಳು ಮಟ್ಟ ಇಟ್ಟರೆ, ಏಳಿರುವುದು ಇರುವುದಕ್ಕಿಂತ ಮುಖ್ಯವಾಗಿ ಕಾಣುತ್ತದೆ. 1980ರ ದಶಕದ ಆರಂಭದಿಂದ ಮತ್ತೆ ಮತ್ತೆ ಕಂಡಿರುವ ಸಂಗತಿ ಇದು. ಹಾಗಾಗಿ ಸಾಧ್ಯವಾದಷ್ಟೂ ಮೂರೋ ನಾಲ್ಕೋ ಎಂದು ಸಮವಾಗಿ ಇಡಿ. ಗುಣಗಳ ಸಂಖ್ಯೆ ಆರು ಏಳನ್ನು ದಾಟಿದರೆ ಜನ ಅರ್ಧದ ಮೇಲೆ ಕಣ್ಣನ್ನೇ ಹಾಯಿಸುವುದಿಲ್ಲ. ಸಂಸ್ಥೆಯ ಒಳಗಿನ ಒಂದೊಂದು ವಿಭಾಗವೂ ತನ್ನದೊಂದು ಗುಣ ಸೇರಿಸಿ ಎಂದು ಒತ್ತಾಯಿಸುವುದು ಈ ಹಂತದಲ್ಲೇ. ಮೊದಲು ಬರೆದಿಟ್ಟ ಎರಡು ಸಾಲಿನ ಹಾಳೆಯನ್ನು ಅವರ ಮುಂದಿಡಿ.

ಒಬ್ಬರಿಗೆ 8ರಿಂದ 12 ಪರದೆ. ಮೊದಲನೆಯದನ್ನು ಅಭ್ಯಾಸಕ್ಕೆಂದು ಇಟ್ಟು ಲೆಕ್ಕದಿಂದ ಬಿಡಿ, ಅದರಲ್ಲಿ ಜನ ಆಟದ ನಿಯಮ ಕಲಿಯುತ್ತಿರುತ್ತಾರೆ. ಬ್ಯಾಗುಗಳು ಎಡದಿಂದ ಬಲಕ್ಕೆ ಬರುವ ಕ್ರಮ ಪ್ರತಿ ಪರದೆಯಲ್ಲೂ ಬದಲಾಗಲಿ. ಗುಣಗಳ ಸಾಲು ಮಾತ್ರ ಒಬ್ಬ ವ್ಯಕ್ತಿಗೆ ಕೊನೆಯವರೆಗೂ ಒಂದೇ ಕ್ರಮದಲ್ಲಿರಲಿ, ಇನ್ನೊಬ್ಬರಿಗೆ ಬೇರೆ ಕ್ರಮ. ಒಬ್ಬರಿಗೇ ಪರದೆಯಿಂದ ಪರದೆಗೆ ಸಾಲು ಬದಲಾಯಿಸಿದರೆ ಅವರ ಶಕ್ತಿಯೆಲ್ಲ ಹುಡುಕುವುದರಲ್ಲೇ ಹೋಗುತ್ತದೆ.

ಎಷ್ಟು ಜನ, ಎಂಥ ಜನ

ಕನಿಷ್ಠ ಸಂಖ್ಯೆಗೆ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಸರಳ ಸೂತ್ರ: 500ನ್ನು ಅತಿ ಹೆಚ್ಚು ಮಟ್ಟಗಳಿರುವ ಗುಣದ ಮಟ್ಟಗಳ ಸಂಖ್ಯೆಯಿಂದ ಗುಣಿಸಿ, ಪರದೆಗಳ ಸಂಖ್ಯೆ ಮತ್ತು ಪರದೆಗೆ ಎಷ್ಟು ವಸ್ತು ಎಂಬುದರ ಗುಣಲಬ್ಧದಿಂದ ಭಾಗಿಸುವುದು. "ಯಾವುದೂ ಬೇಡ" ಎಂಬುದನ್ನು ವಸ್ತುವೆಂದು ಎಣಿಸುವುದಿಲ್ಲ. ನಮ್ಮ ಬ್ಯಾಗಿಗೆ 10 ಪರದೆ ಎಂದಿಟ್ಟುಕೊಂಡರೆ 500 × 4 ÷ (10 × 3), ಅಂದರೆ 67 ಜನ. ಇದು ನೆಲ, ಅದರ ಮೇಲೆ ನಿಂತು ಮನೆ ಕಟ್ಟಲಾಗದು. ವ್ಯಾಪಾರದ ತೀರ್ಮಾನಕ್ಕೆ 300 ಜನರ ಕೆಳಗೆ ಇಳಿಯಬೇಡಿ. ವಿದ್ಯಾರ್ಥಿಗಳು, ಉದ್ಯೋಗಸ್ಥರು ಎಂದು ಗುಂಪು ಬೇರ್ಪಡಿಸಿ ನೋಡುವುದಿದ್ದರೆ ಒಂದೊಂದು ಗುಂಪಿಗೂ 200 ಜನ ಇರಲಿ.

ಯಾರನ್ನು ಸೇರಿಸಿಕೊಳ್ಳಬೇಕು ಎಂದು ಸೋಸುವ ಪ್ರಶ್ನೆಯಲ್ಲಿ ನಿಮ್ಮ ಗುಟ್ಟು ಬಿಡಬೇಡಿ. "ಕಳೆದ 6 ತಿಂಗಳಲ್ಲಿ ಬ್ಯಾಗು ಕೊಂಡಿದ್ದೀರಾ?" ಎಂದರೆ ಗೌರವಧನಕ್ಕಾಗಿ ಬಂದವರೆಲ್ಲ ಹೌದೆನ್ನುತ್ತಾರೆ. ಏಳೆಂಟು ವಸ್ತುಗಳ ಪಟ್ಟಿ ಕೊಟ್ಟು, ಕೊಂಡದ್ದಕ್ಕೆಲ್ಲ ಗುರುತು ಹಾಕಿ ಎನ್ನಿ. ಎಲ್ಲಕ್ಕೂ ಗುರುತು ಹಾಕಿದವರನ್ನು ಅಲ್ಲೇ ಬಿಡಿ.

ಪೈಲಟ್: ಬಾಯಿಬಿಟ್ಟು ಯೋಚಿಸಲು ಹೇಳಿ

ಸಮೀಕ್ಷೆಗೆ ಮುನ್ನ ಸಣ್ಣದೊಂದು ಪ್ರಯೋಗವಾಗಿ ಐದರಿಂದ ಎಂಟು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ, ಮನಸ್ಸಿನಲ್ಲಿ ಓಡುವುದನ್ನೆಲ್ಲ ಬಾಯಲ್ಲಿ ಹೇಳುತ್ತಾ ಉತ್ತರಿಸಲು ಹೇಳಿ. ನಡುವೆ ನೀವು ಮಾತಾಡಬೇಡಿ. ಅವರು ಸುಮ್ಮನಾದರೆ "ಹೇಳ್ತಾ ಇರಿ" ಎಂದಷ್ಟೇ ಅನ್ನಿ. ಕಾರಣ ಕೇಳುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ. ಆಯ್ಕೆ ಮುಗಿದ ಮೇಲೆ ಕಾರಣ ಕೇಳಿದರೆ ಕಟ್ಟಿದ ಉತ್ತರ ಬರುತ್ತದೆ, ಆಯ್ಕೆ ನಡೆಯುತ್ತಿರುವಾಗ ಹೊರಬೀಳುವ ಮಾತು ಕಣ್ಣು ಎಲ್ಲಿ ನಿಂತಿದೆ ಎಂದು ತೋರಿಸುತ್ತದೆ. "130... ಇದು ಬೇಡ. ಈ ಎರಡರಲ್ಲಿ... ಇದಕ್ಕೆ ಹೊದಿಕೆ ಇದೆ. ಇದೇ." ಇಂಥ ಮಾತು ಕೇಳಿಸಿದರೆ ಬೆಲೆ ಜರಡಿಯಾಯಿತು, ನೀರಿನ ರಕ್ಷಣೆ ತೀರ್ಮಾನಿಸಿತು, ವಾರಂಟಿಯನ್ನು ಓದಲೇ ಇಲ್ಲ ಎಂದರ್ಥ. ಎಂಟರಲ್ಲಿ ಏಳು ಜನ ವಾರಂಟಿ ಓದದಿದ್ದರೆ ಅದು ನಿಜಕ್ಕೂ ಅಮುಖ್ಯವೋ, ಅಥವಾ ಪರದೆಯ ತಳದಲ್ಲಿ ಸಣ್ಣಕ್ಷರದಲ್ಲಿ ಕೂತಿರುವುದರಿಂದ ಹೀಗಾಯಿತೋ ಎಂದು ಜಾಗ ಬದಲಿಸಿ ನೋಡಿ. ಮೊಬೈಲಿನಲ್ಲಿ ಉತ್ತರಿಸುವವರು ಇದ್ದೇ ಇರುತ್ತಾರೆ, ಹಾಗಾಗಿ ಪೈಲಟ್ಟಿನಲ್ಲಿ ಅರ್ಧ ಜನ ಮೊಬೈಲಿನಲ್ಲೇ ಮಾಡಲಿ. ಮೂರನೆಯ ಬ್ಯಾಗು ಪರದೆಯ ಆಚೆಗೆ ಹೋಗಿ ಸರಿಸಿದರಷ್ಟೇ ಕಾಣುವಂತಿದ್ದರೆ, ಅದು ಸೋಲುವುದು ತನ್ನ ಗುಣದಿಂದಲ್ಲ.

ಡೇಟಾ ಹಸನು ಮಾಡುವುದು

ಎಲ್ಲರೂ ತೆಗೆದುಕೊಂಡ ಸಮಯವನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ನೋಡಿ. ಅದರ ಮೂರನೇ ಒಂದು ಭಾಗಕ್ಕಿಂತ ಬೇಗ ಮುಗಿಸಿದವರು ಓದಿಲ್ಲ. ಬ್ಯಾಗುಗಳ ಜಾಗ ಬದಲಾಗುತ್ತಿದ್ದರೂ ಹತ್ತೂ ಪರದೆಯಲ್ಲಿ ಎಡಗಡೆಯದನ್ನೇ ಒತ್ತಿದವರೂ ಓದಿಲ್ಲ. ಆದರೆ ಹತ್ತೂ ಸಲ ಅತಿ ಅಗ್ಗದ್ದನ್ನೇ ಆರಿಸಿದವರನ್ನು ತೆಗೆಯಬೇಡಿ. ಅದು ಅಸಡ್ಡೆಯಲ್ಲ, ಅವರು ಕೊಳ್ಳುವ ರೀತಿಯೇ ಅದು. ಅಂಥವರನ್ನು ಕಸವೆಂದು ಗುಡಿಸಿಹಾಕಿದರೆ ಬೆಲೆಯ ಪ್ರಭಾವ ಇರುವುದಕ್ಕಿಂತ ಕಡಿಮೆ ಕಾಣುತ್ತದೆ, ನೀವು ಧೈರ್ಯವಾಗಿ ಬೆಲೆ ಏರಿಸುತ್ತೀರಿ, ಮಾರಾಟ ಬೀಳುತ್ತದೆ. ಒಂದೇ ಪರದೆಯನ್ನು ಮೂರನೆಯದಾಗಿ ಒಮ್ಮೆ, ಒಂಬತ್ತನೆಯದಾಗಿ ಇನ್ನೊಮ್ಮೆ ತೋರಿಸುವುದು ಒಳ್ಳೆಯ ಉಪಾಯ. ಶ್ರದ್ಧೆಯಿಂದ ಉತ್ತರಿಸುವವರೂ ಎರಡನೇ ಸಲ ಒಮ್ಮೊಮ್ಮೆ ಬೇರೆ ಆರಿಸುತ್ತಾರೆ. ಎಷ್ಟು ಜನ ತಮ್ಮ ಮೊದಲ ಆಯ್ಕೆಗೆ ಅಂಟಿಕೊಂಡರು ಎಂಬುದೇ ನಿಮ್ಮ ಲೆಕ್ಕದ ಮಾದರಿಯ ನಿಖರತೆಗೆ ಇರುವ ಚಾವಣಿ. ಜನರೇ ತಮ್ಮನ್ನು ತಾವು ಊಹಿಸಲಾರದಷ್ಟನ್ನು ಲೆಕ್ಕ ಊಹಿಸಬೇಕೆಂದು ಹಟ ಹಿಡಿಯುವುದು ಸರಿಯಲ್ಲ.

ಲೆಕ್ಕ, ಕೈಯಲ್ಲಿ ಮಾಡಿ ನೋಡುವಷ್ಟು

ಆಯ್ಕೆಗಳನ್ನು ಲಾಜಿಟ್ ಎಂಬ ಸಂಖ್ಯಾಶಾಸ್ತ್ರದ ಮಾದರಿಗೆ ಕೊಟ್ಟರೆ ಪ್ರತಿ ಮಟ್ಟಕ್ಕೂ ಒಂದು ಉಪಯುಕ್ತತೆಯ ಅಂಕ, ಅಂದರೆ ಅದು ಜನರಿಗೆ ಎಷ್ಟು ಬೇಕೆನಿಸಿತು ಎಂಬುದರ ಅಳತೆ, ಸಿಗುತ್ತದೆ. ಒಬ್ಬೊಬ್ಬ ವ್ಯಕ್ತಿಯ ಅಂಕಗಳೂ ಬೇಕಿದ್ದರೆ, ಎಲ್ಲರ ಉತ್ತರಗಳ ಆಸರೆಯಲ್ಲಿ ಒಬ್ಬೊಬ್ಬರದನ್ನು ಅಂದಾಜಿಸುವ ಹೈರಾರ್ಕಿಕಲ್ ಬೇಯ್ಸ್ ವಿಧಾನ ಬಳಸುತ್ತಾರೆ. ಕೆಲಸಕ್ಕೆ ಅದೇ ಉತ್ತಮ. ಒಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಸರಾಸರಿ ಅಂಕಗಳನ್ನೇ ಕೈಯಲ್ಲಿ ಕೂಡಿ ನೋಡೋಣ. ಲೆಕ್ಕಕ್ಕಾಗಿ ಹೀಗೆಂದುಕೊಳ್ಳಿ. ತೂಕ 600 ಗ್ರಾಂಗೆ 0.6, 900ಕ್ಕೆ 0.1, 1200ಕ್ಕೆ −0.7. ನೀರಿನ ರಕ್ಷಣೆ ಇಲ್ಲದ್ದಕ್ಕೆ −0.8, ಹೊದಿಕೆಗೆ 0.2, ಬಟ್ಟೆಗೆ 0.6. ಬೆಲೆ 85ಕ್ಕೆ 0.7, 100ಕ್ಕೆ 0.3, 115ಕ್ಕೆ −0.2, 130ಕ್ಕೆ −0.8. ಅಳತೆ ಮತ್ತು ವಾರಂಟಿ ಮೂರಕ್ಕೂ ಒಂದೇ ಎಂದು ಸದ್ಯಕ್ಕೆ ಬದಿಗಿಡಿ. "ಯಾವುದೂ ಬೇಡ" ಎಂಬುದರ ಅಂಕ 0 ಇರಲಿ.

ಆಗ ಬ್ಯಾಗು 1ಕ್ಕೆ 0.1 + 0.2 + 0.3, ಅಂದರೆ 0.6. ಬ್ಯಾಗು 2ಕ್ಕೆ 0.6 + 0.6 − 0.8, ಅಂದರೆ 0.4. ಬ್ಯಾಗು 3ಕ್ಕೆ −0.7 − 0.8 + 0.7, ಅಂದರೆ −0.8. ಕ್ಯಾಲ್ಕುಲೇಟರಿನ eˣ ಗುಂಡಿ ಒತ್ತಿ ಇವುಗಳ ಎಕ್ಸ್‌ಪೊನೆನ್ಶಿಯಲ್ ತೆಗೆದರೆ 1.82, 1.49, 0.45 ಬರುತ್ತದೆ, ಸೊನ್ನೆಯದು 1. ಮೊತ್ತ 4.76. ಒಂದೊಂದನ್ನೂ ಮೊತ್ತದಿಂದ ಭಾಗಿಸಿದರೆ ಒಲವಿನ ಪಾಲು: ಬ್ಯಾಗು 1ಕ್ಕೆ 38.3 ಪ್ರತಿಶತ, ಬ್ಯಾಗು 2ಕ್ಕೆ 31.3, ಬ್ಯಾಗು 3ಕ್ಕೆ 9.4, ಏನೂ ಕೊಳ್ಳದವರು 21.

ಈಗ ಬ್ಯಾಗು 1ನ್ನೇ ಇನ್ನೊಂದು ಬಣ್ಣದಲ್ಲಿ ತಂದಿರಿ ಎನ್ನಿ. ಮೊತ್ತ 6.59 ಆಗುತ್ತದೆ. ಎರಡು ಬಣ್ಣಗಳೂ ಸೇರಿ 55.3 ಪ್ರತಿಶತ, ಬ್ಯಾಗು 2 ಇಳಿದು 22.7. ಬಣ್ಣ ಬದಲಿಸಿದ ಮಾತ್ರಕ್ಕೆ ಪಾಲು 38ರಿಂದ 55 ಪ್ರತಿಶತಕ್ಕೆ ಏರುವುದು ಅಸಂಭವ. ನಿಜದಲ್ಲಿ ಹೊಸ ಬಣ್ಣ ಕೊಳ್ಳುವವರಲ್ಲಿ ಹೆಚ್ಚಿನವರು ಹಳೆಯ ಬಣ್ಣ ಕೊಳ್ಳುತ್ತಿದ್ದವರೇ. ಸರಳ ಲಾಜಿಟ್ ಹೊಸದಕ್ಕೆ ಬೇಕಾದ ಪಾಲನ್ನು ಎಲ್ಲರಿಂದಲೂ ಒಂದೇ ಅನುಪಾತದಲ್ಲಿ ಕಿತ್ತುಕೊಳ್ಳುತ್ತದೆ. ಕೆಂಪು ಬಸ್ಸು ನೀಲಿ ಬಸ್ಸು ಎಂಬ ಹೆಸರಿನಲ್ಲಿ ಪಠ್ಯಗಳಲ್ಲಿ ಬರುವ ಹಳೆಯ ತೊಡಕು ಇದು. ಒಬ್ಬೊಬ್ಬರ ಅಂಕಗಳ ಮೇಲೆ ಬೇರೆಬೇರೆ ಲೆಕ್ಕ ಮಾಡಿ ಕೊನೆಗೆ ಸರಾಸರಿ ತೆಗೆದರೆ ತೊಡಕು ಬಹಳ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಒಂದಕ್ಕೊಂದು ಹೋಲುವ ವಸ್ತುಗಳನ್ನು ಮಾದರಿಗೆ ಸೇರಿಸುವಾಗಲೆಲ್ಲ ಇದನ್ನು ಪರೀಕ್ಷಿಸಿ.

"ಯಾವ ಗುಣಕ್ಕೆ ಎಷ್ಟು ಮಹತ್ವ" ಎಂಬ ಪ್ರತಿಶತ ಪಟ್ಟಿಯನ್ನು ಎಲ್ಲರೂ ಕೇಳುತ್ತಾರೆ. ಮೇಲಿನ ಅಂಕಗಳಲ್ಲಿ ತೂಕದ ಹರವು (ಅತಿ ಹೆಚ್ಚಿನ ಅಂಕಕ್ಕೂ ಅತಿ ಕಡಿಮೆಯದಕ್ಕೂ ಇರುವ ಅಂತರ) 1.3, ನೀರಿನದು 1.4, ಬೆಲೆಯದು 1.5, ಮೂರರ ಮೊತ್ತದಲ್ಲಿ ಬೆಲೆಯ ಪಾಲು 36 ಪ್ರತಿಶತ. ಆದರೆ ಬೆಲೆಯನ್ನು 95ರಿಂದ 105ರವರೆಗೆ ಮಾತ್ರ ಪರೀಕ್ಷಿಸಿದ್ದರೆ ಇದೇ ಜನರಲ್ಲಿ ಬೆಲೆಯ ಮಹತ್ವ ಪಾತಾಳಕ್ಕೆ ಇಳಿಯುತ್ತಿತ್ತು. ಆದ್ದರಿಂದ ಈ ಪಟ್ಟಿ ಕೊಡುವುದೇ ಆದರೆ ಪರೀಕ್ಷಿಸಿದ ಹರವನ್ನು ಅದೇ ಸಾಲಿನಲ್ಲಿ ಬರೆಯಿರಿ.

ಹೊದಿಕೆಗೆ ಜನ ಎಷ್ಟು ಹೆಚ್ಚು ತೆರುತ್ತಾರೆ? ಇಲ್ಲದ್ದರಿಂದ ಹೊದಿಕೆಗೆ ಏರಿದರೆ ಅಂಕ 1.0 ಹೆಚ್ಚು. ಬೆಲೆ 100ರಿಂದ 115ಕ್ಕೆ ಏರಿದರೆ 0.5 ನಷ್ಟ. ಹಾಗಾದರೆ ಹೊದಿಕೆಯ ಬೆಲೆ 30 ಎಂದು ಹೇಳಲು ನಾಲಿಗೆ ತುದಿಗೆ ಬರುತ್ತದೆ. ತಡೆಯಿರಿ. 115ರ ಮೇಲೆ ಬೆಲೆಯ ನೋವು ಇನ್ನೂ ಚುರುಕಾಗಿದೆ, 15ಕ್ಕೆ 0.6. ಅದಲ್ಲದೆ ಹೊದಿಕೆ ಇರುವ ಬೇರೆ ಬ್ಯಾಗು ಪಕ್ಕದಲ್ಲೇ 100ಕ್ಕೆ ಸಿಗುವಾಗ ನಿಮಗೆ 130 ಯಾರೂ ಕೊಡುವುದಿಲ್ಲ. ಎದುರಾಳಿಗಳನ್ನೂ "ಬೇಡ" ಎಂಬುದನ್ನೂ ಸೇರಿಸಿ ಪಾಲನ್ನು ಲೆಕ್ಕ ಹಾಕಿ, ಹೊದಿಕೆ ಸೇರಿಸಿದ ಮೇಲೆ ಬೆಲೆಯನ್ನು ಎಲ್ಲಿಯವರೆಗೆ ಏರಿಸಿದರೆ ಪಾಲು ಮೊದಲಿನ ಮಟ್ಟಕ್ಕೆ ಬರುತ್ತದೆ ಎಂದು ಹುಡುಕುವುದೇ ಸರಿಯಾದ ದಾರಿ.

ಪಕ್ಕದಲ್ಲಿ ಏನಿದೆ ಎಂಬುದೂ ತೂಗುತ್ತದೆ

ಒಲವು ತಲೆಯೊಳಗೆ ಸಿದ್ಧವಾಗಿ ಕೂತಿರುವ ಅಂಕಿಯಲ್ಲ. ಎಷ್ಟೋ ಸಲ ಅದು ಆರಿಸುವ ಗಳಿಗೆಯಲ್ಲೇ ರೂಪುಗೊಳ್ಳುತ್ತದೆ. ಒಂದು ವಸ್ತುವಿನ ಪಕ್ಕದಲ್ಲಿ ಎಲ್ಲ ರೀತಿಯಲ್ಲೂ ಅದಕ್ಕಿಂತ ತುಸು ಕೀಳಾದದ್ದನ್ನು ಇಟ್ಟರೆ, ಆ ಮೊದಲ ವಸ್ತುವಿಗೇ ಹೆಚ್ಚು ಜನ ಒಲಿಯುತ್ತಾರೆ ಎಂದು ಹ್ಯೂಬರ್, ಪೇನ್ ಮತ್ತು ಪುಟೊ 1982ರಲ್ಲಿ ತೋರಿಸಿದರು. ಮೂರು ಬೆಲೆಗಳಿದ್ದಾಗ ನಡುವಿನದು ಸುರಕ್ಷಿತ ಎನಿಸುವುದನ್ನು ಇಟಾಮರ್ ಸೈಮನ್‌ಸನ್ 1989ರಲ್ಲಿ ವಿವರಿಸಿದರು. ಸಂಶೋಧಕರಿಗೆ ಇದರ ಅರ್ಥ ಸರಳ: ಪರದೆಯ ಮೇಲೆ ಇಡುವ ವಸ್ತುಗಳು ಮಾರುಕಟ್ಟೆಯಲ್ಲಿ ನಿಜವಾಗಿ ಅಕ್ಕಪಕ್ಕ ಇರುವಂಥವೇ ಆಗಿರಲಿ.

ಆಯ್ಕೆ ಹೆಚ್ಚಾದರೆ ಜನ ಕೊಳ್ಳುವುದೇ ಇಲ್ಲ ಎಂಬ ಮಾತನ್ನು ಮಾತ್ರ ಸೂತ್ರವಾಗಿ ಬಳಸಬೇಡಿ. 2000ದಲ್ಲಿ ಪ್ರಕಟವಾದ ಹೆಸರಾಂತ ಜಾಮ್ ಪ್ರಯೋಗದಲ್ಲಿ 24 ಬಗೆ ಇಟ್ಟ ಮೇಜಿನ ಬಳಿ ನಿಂತವರಲ್ಲಿ 3 ಪ್ರತಿಶತ, 6 ಬಗೆ ಇಟ್ಟದ್ದರ ಬಳಿ ನಿಂತವರಲ್ಲಿ 30 ಪ್ರತಿಶತ ಜನ ಕೊಂಡರು ನಿಜ. ಆದರೆ ಇಂಥ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2010ರಲ್ಲಿ ನೋಡಿದಾಗ ಸರಾಸರಿ ಪರಿಣಾಮ ಹೆಚ್ಚುಕಡಿಮೆ ಸೊನ್ನೆ. ನಿಮ್ಮ ವಸ್ತುವಿನಲ್ಲಿ ಹೇಗೋ, ಅಳೆದೇ ತಿಳಿಯಬೇಕು.

ಕೈಗೆ ಕೊಟ್ಟು ನೋಡಬೇಕಾದ ವಸ್ತುಗಳು

ರುಚಿ ನೋಡಿಸುವಾಗ ಮೊದಲ ಪ್ರಶ್ನೆ ಯಾವುದು ಇಷ್ಟ ಎಂಬುದಲ್ಲ, ವ್ಯತ್ಯಾಸ ತಿಳಿಯುತ್ತದೆಯೇ ಎಂಬುದು. ಮೂರು ಲೋಟ ಕೊಡಿ, ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಹೇಳಲಿ. ಕಣ್ಣುಮುಚ್ಚಿ ಊಹಿಸಿದರೂ ಮೂರರಲ್ಲಿ ಒಬ್ಬರು ಸರಿ ಹೇಳುತ್ತಾರೆ, ಆದ್ದರಿಂದ 30 ಜನರಲ್ಲಿ ಕನಿಷ್ಠ 15 ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸವಿದೆ ಎನ್ನಬಹುದು. ಲೋಟಗಳಿಗೆ 1, 2, 3 ಅಥವಾ ಎ, ಬಿ ಎಂದು ಹೆಸರಿಡಬೇಡಿ, ಮೊದಲನೆಯದು ಮೇಲು ಎಂಬ ಭಾವನೆ ಬರುತ್ತದೆ. 417, 862 ಎಂಬಂಥ ಅಡ್ಡಾದಿಡ್ಡಿ ಮೂರಂಕಿ ಇರಲಿ. ಯಾವ ಪಾನೀಯ ಎರಡು ಲೋಟದಲ್ಲಿದೆ ಎಂಬುದನ್ನೂ ಬದಲಿಸಿದರೆ ಆರು ಕ್ರಮಗಳು ಸಾಧ್ಯ, ಆರನ್ನೂ ಸಮವಾಗಿ ಹಂಚಿ. ಎರಡೂ ಒಂದೇ ಉಷ್ಣತೆಯಲ್ಲಿರಲಿ. ಇವಿಷ್ಟರಲ್ಲಿ ಒಂದು ತಪ್ಪಿದರೂ ಜನ ರುಚಿಯನ್ನಲ್ಲ, ಲೋಟವನ್ನು ಗುರುತಿಸುತ್ತಾರೆ.

ಒಂದು ಗುಟುಕಿನಲ್ಲಿ ಸಿಹಿಯಾದದ್ದು ಗೆಲ್ಲುವುದುಂಟು, ಒಂದು ವಾರ ಕುಡಿದ ಮೇಲೆ ಅದೇ ಬೇಸರ ತರುವುದೂ ಉಂಟು. ಕೊಕಾ-ಕೋಲಾ ಸುಮಾರು 2 ಲಕ್ಷ ಜನರ ರುಚಿ ಪರೀಕ್ಷೆ ಮಾಡಿ 1985ರ ಏಪ್ರಿಲ್ 23ರಂದು ಹೊಸ ಸೂತ್ರ ತಂದಿತು; ಜನರ ಸಿಟ್ಟಿಗೆ ಮಣಿದು 79 ದಿನಗಳಲ್ಲಿ ಹಳೆಯದನ್ನು ಮರಳಿ ತಂದಿತು. ಹಳೆಯದನ್ನು ಕೈಯಿಂದ ಕಿತ್ತುಕೊಂಡರೆ ಏನನ್ನಿಸುತ್ತದೆ ಎಂಬುದನ್ನು ಎಷ್ಟೇ ದೊಡ್ಡ ರುಚಿ ಪರೀಕ್ಷೆಯೂ ಅಳೆಯಲಾರದು. ಮತ್ತೆಮತ್ತೆ ಬಳಸುವ ವಸ್ತುವಾದರೆ ಮನೆಗೆ ಕೊಟ್ಟು ಕಳಿಸಿ, ಎರಡು ವಾರ ಬಳಸಲಿ, ಎಷ್ಟು ಖಾಲಿಯಾಯಿತು ಎಂದು ತೂಕ ಮಾಡಿ. ಬಾಯಲ್ಲಿ ಹೊಗಳಿದ ಡಬ್ಬಿ ತುಂಬಿಯೇ ಉಳಿದಿದ್ದರೆ ತೂಕವನ್ನು ನಂಬಿ.

ಬಾಯಿಮಾತಿನ ಹಣ, ಕೈಯಿಂದ ಬಿಡುವ ಹಣ

ಸಮೀಕ್ಷೆಯಲ್ಲಿ ಯಾರ ಜೇಬೂ ಖಾಲಿಯಾಗುವುದಿಲ್ಲ, ಹಾಗಾಗಿ ಜನ ನಿಜದಲ್ಲಿ ಕೊಡುವುದಕ್ಕಿಂತ ಹೆಚ್ಚು ಕೊಡುತ್ತೇವೆ ಎನ್ನುತ್ತಾರೆ. ಪರಿಸರಕ್ಕೆ ಒಳ್ಳೆಯದು ಎಂಬಂಥ, ಹೇಳಿಕೊಳ್ಳಲು ಚೆನ್ನಾಗಿರುವ ಗುಣಗಳಲ್ಲಿ ಇದು ಇನ್ನೂ ಜಾಸ್ತಿ. ತಡೆಯಲು ಗಟ್ಟಿಯಾದ ಉಪಾಯ, ಆಯ್ಕೆಗೆ ನಿಜವಾದ ಪರಿಣಾಮ ಇಡುವುದು. ಭಾಗವಹಿಸಿದವರಿಗೆ ಒಂದಷ್ಟು ಹಣ ಮೊದಲೇ ಕೊಟ್ಟು, ಹತ್ತು ಪರದೆಗಳಲ್ಲಿ ಒಂದನ್ನು ಕೊನೆಗೆ ಚೀಟಿ ಎತ್ತಿ ಆರಿಸಿ, ಅವರು ಅಲ್ಲಿ ಆರಿಸಿದ ಬ್ಯಾಗನ್ನು ಆ ಬೆಲೆಗೆ ಕೊಟ್ಟು, ಉಳಿದ ಹಣ ಅವರಿಗೇ ಬಿಡಿ. ಯಾವ ಪರದೆ ಬರುತ್ತದೋ ಗೊತ್ತಿಲ್ಲದಿರುವುದರಿಂದ ಪ್ರತಿಯೊಂದನ್ನೂ ನಿಜವೆಂದೇ ಆರಿಸುತ್ತಾರೆ.

ಒಂದೇ ವಸ್ತುವಿನ ಬೆಲೆ ತಿಳಿಯಬೇಕಿದ್ದರೆ ಬೆಕರ್, ಡಿಗ್ರೂಟ್ ಮತ್ತು ಮಾರ್ಷಾಕ್ 1964ರಲ್ಲಿ ಕೊಟ್ಟ ವಿಧಾನವಿದೆ. ವ್ಯಕ್ತಿ ತಾನು ಕೊಡುವ ಗರಿಷ್ಠ ಬೆಲೆ ಬರೆಯುತ್ತಾರೆ, ಆಮೇಲೆ ಚೀಟಿಯಲ್ಲಿ ಒಂದು ಬೆಲೆ ಬರುತ್ತದೆ. ಚೀಟಿಯದು ಬರೆದದ್ದಕ್ಕಿಂತ ಹೆಚ್ಚಿಲ್ಲದಿದ್ದರೆ ಚೀಟಿಯ ಬೆಲೆಗೆ ಕೊಳ್ಳಲೇಬೇಕು, ಹೆಚ್ಚಿದ್ದರೆ ಕೊಳ್ಳುವಂತಿಲ್ಲ. ಕಡಿಮೆ ಬರೆದರೆ ಅವಕಾಶ ತಪ್ಪುತ್ತದೆ, ಹೆಚ್ಚು ಬರೆದರೆ ಕೈ ಕಚ್ಚುತ್ತದೆ, ನಿಜ ಬರೆಯುವುದೇ ಲಾಭ. ಇದು ಮೊದಲ ಸಲಕ್ಕೆ ಯಾರಿಗೂ ಅರ್ಥವಾಗುವುದಿಲ್ಲ. ಚೌಕಾಶಿ ಎಂದುಕೊಂಡು ಕಡಿಮೆ ಬರೆಯುತ್ತಾರೆ. ಪೆನ್ನಿನಂಥ ಸಣ್ಣ ವಸ್ತುವಿನಲ್ಲಿ ಒಂದು ಸುತ್ತು ಅಭ್ಯಾಸ ಮಾಡಿಸಿಯೇ ಮುಂದುವರಿಯಿರಿ.

ಲೆಕ್ಕ ನಂಬಬಹುದೇ ಎಂದು ನೋಡುವುದು

ಒಂದೆರಡು ಪರದೆಗಳನ್ನು ಲೆಕ್ಕಕ್ಕೆ ಸೇರಿಸದೆ ಬದಿಗಿಟ್ಟು, ಅಲ್ಲಿನ ಪಾಲನ್ನು ಮಾದರಿ ಸರಿಯಾಗಿ ಹೇಳುತ್ತದೆಯೇ ನೋಡಿ. ಅದು ಒಳಗಿನ ಪರೀಕ್ಷೆ. ಹೊರಗಿನ ಪರೀಕ್ಷೆ ಮಾರುಕಟ್ಟೆ. ಒಲವಿನ ಪಾಲು ಮಾರಾಟದ ಪಾಲಲ್ಲ, ಏಕೆಂದರೆ ಸಮೀಕ್ಷೆಯಲ್ಲಿ ಎಲ್ಲರಿಗೂ ಎಲ್ಲ ಬ್ಯಾಗಿನ ವಿಷಯ ಗೊತ್ತು, ಎಲ್ಲವೂ ಕೈಗೆ ಸಿಗುತ್ತವೆ. ಹೊರಗೆ ಹಾಗಿಲ್ಲ. ಆದರೂ ಜನರ ನಡತೆಯಿಂದಲೇ ಕಟ್ಟಿದ ಮಾದರಿ ಎಷ್ಟು ಹತ್ತಿರ ಹೋಗಬಲ್ಲದು ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಡೇನಿಯಲ್ ಮೆಕ್‌ಫ್ಯಾಡನ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ಕೊಟ್ಟ ಅಂಕಿಗಳಿವೆ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಬಾರ್ಟ್ ರೈಲು 1970ರ ದಶಕದಲ್ಲಿ ಶುರುವಾಗುವ ಮುನ್ನ, ಪ್ರಯಾಣಿಕರಲ್ಲಿ 15 ಪ್ರತಿಶತ ಅದನ್ನು ಬಳಸುತ್ತಾರೆ ಎಂದು ಅಧಿಕೃತ ಅಂದಾಜಿತ್ತು. ಜನ ಆಗ ನಿಜವಾಗಿ ಹೇಗೆ ಓಡಾಡುತ್ತಿದ್ದರು ಎಂಬುದರ ಮೇಲೆ ನಿಂತ ಮೆಕ್‌ಫ್ಯಾಡನ್ ಅವರ ಲಾಜಿಟ್ ಮಾದರಿ 6.3 ಎಂದಿತು. ರೈಲು ಓಡಿದ ಮೇಲೆ ಕಂಡದ್ದು 6.2. ಆ ಹೋಲಿಕೆ ಸಾಧ್ಯವಾದದ್ದು ಅಂದಾಜನ್ನು ಮೊದಲೇ ಬರೆದಿಟ್ಟಿದ್ದರಿಂದ. ನಿಮ್ಮ ಬ್ಯಾಗು ಮಾರುಕಟ್ಟೆಗೆ ಹೋಗುವ ಮುನ್ನ ಪಾಲಿನ ಅಂದಾಜು, ಅದರ ಮೇಲ್ಮಿತಿ ಕೆಳಮಿತಿ, ಯಾವ ಎದುರಾಳಿಗಳನ್ನು ಯಾವ ಬೆಲೆಯಲ್ಲಿ ಲೆಕ್ಕಕ್ಕೆ ಹಿಡಿದಿರಿ ಎಂಬುದು, ಮತ್ತು ಆ ದಿನದ ತಾರೀಕು, ಇಷ್ಟನ್ನು ಬರೆದು ತೀರ್ಮಾನ ತೆಗೆದುಕೊಳ್ಳುವವರಿಗೆ ಕಳಿಸಿ. ಮೂರು ತಿಂಗಳ ಮಾರಾಟದ ಅಂಕಿ ಬಂದಾಗ ಅದೇ ಹಾಳೆಯ ಪಕ್ಕದಲ್ಲಿ ಅದನ್ನೂ ಬರೆಯಿರಿ.